ಅಜ್ಜಿ ಕಣ್ಣು ಮಿಟುಕಿಸಿದ್ದು

ಕನಕಪುರ, ಮಂಗಳವಾರ

ಆಹಾರ ನಿರೀಕ್ಷಕರಿಗೆ ನಮಸ್ಕಾರ.

ಸರ್, ನೀವು ಮನೆಬಾಗಿಲಿಗೇ ಬಂದು ಮೊಬೈಲಲ್ಲಿ ಅಜ್ಜಿಯ ರೇಷನ್ ಕಾರ್ಡಿನ ಇ-ಕೆವೈಸಿ ಮುಗಿಸಿ ಹೋದಮೇಲೂ ಕಾಗದ ಬರೀತಿದ್ದೀನಿ, ಸಾರಿ. ಫೋನ್ ಮಾಡಿದರೆ ನನಗೆ ಮಾತೇ ಹೊರಡಲ್ಲ.

ನಾನು ರಾಮನಗರದ ಯಲ್ಲಮ್ಮನ ಮೊಮ್ಮಗಳು. ನೀವು ಬಂದ ಶನಿವಾರ ನಾನೂ ಇಲ್ಲಿನ ಹಾಸ್ಟೆಲ್‌ನಿಂದ ಊರಿಗೆ ಹೋಗಿದ್ದೆ. ನಲವತ್ತು ವರ್ಷ ಬಿಸಿನೀರಲ್ಲಿ ರೇಷ್ಮೆಗೂಡು ಬಿಚ್ಚಿ ಅಜ್ಜಿಯ ಬೆರಳ ಗೆರೆಗಳೇ ಸವೆದಿವೆ. ರೇಷನ್ ಅಂಗಡಿಯ ಮೆಷಿನ್ ಅವರ ಹೆಬ್ಬೆಟ್ಟು ಒಪ್ಪುತ್ತಿರಲಿಲ್ಲ.

ಹೆಬ್ಬೆಟ್ಟಿನ ಬದಲು ಮುಖವನ್ನೇ ಆಧಾರ್ ಫೋಟೊಗೆ ಹೋಲಿಸೋಕೆ ನೀವು ಮೊಬೈಲ್ ಹಿಡಿದಾಗ ಅಜ್ಜಿ ಸ್ಟುಡಿಯೋದಲ್ಲಿ ಕೂತಂಗೆ ಕಣ್ಣರಳಿಸಿ ಕೂತರು. ಮೂರು ಸಲ ಫೇಲ್. "ಕಣ್ಣು ಮಿಟುಕಿಸಮ್ಮಾ" ಅಂದಿರಿ. "ಮಿಟುಕಿಸಿದ್ರೆ ಫೋಟೊ ಕೆಟ್ಟೋಗಾಕಿಲ್ವಾ ಸಾಮಿ?" ಅಂದರು. ಕೊನೆಗೆ ಮಿಟುಕಿಸಿದರು, ಹಸಿರು ಟಿಕ್ ಬಂತು. ನಾನು ಕಂಪ್ಯೂಟರ್ ಸೈನ್ಸ್ ಫಸ್ಟ್ ಇಯರ್, ಸರ್. ಅದು ಹೇಗೆ ವರ್ಕ್ ಆಗುತ್ತೆ ಅಂತ ಒಸಿ ಗೊತ್ತು. ಆದರೂ ಮೈ ಜುಮ್ಮಂತು.

"ಆ ಹಳೇ ಫೋಟೊದಾಗೆ ನಂಗೆ ಹಲ್ಲಿದ್ವು ಕಣವ್ವ. ಆದ್ರೂ ನಾನೇ ಅಂತ ಗುರ್ತು ಹಿಡಿದ್ಬುಡ್ತಲ್ಲ!" ಅಂತ ಅಜ್ಜಿ ಬೀದಿಗೆಲ್ಲ ಹೇಳಿದ್ದಾರೆ.

ಅದೇ ಬೀದಿಯಲ್ಲಿ ಅಂಥದೇ ಬೆರಳಿನವರು ಇನ್ನೂ ನಾಲ್ಕು ಜನ ಇದ್ದಾರೆ. ಅವತ್ತು ನಿಮ್ಮ ಜೀಪ್ ನೋಡಿ ಹೆದರಿ ಬಾಗಿಲು ಹಾಕಿಕೊಂಡಿದ್ದರು. ತಿಂಗಳ ಕೊನೆಯೊಳಗೆ ಇದು ಆಗದಿದ್ದರೆ ಅವರ ಹೆಸರು ಕಾರ್ಡಿನಿಂದ ಹೋಗುತ್ತೆ ಅಂತ ಅಂಗಡಿಯವರು ಅಂದರು. ಈಗ ಅಜ್ಜಿ ದಿನಾ ಸಂಜೆ ಅವರನ್ನು ಜಗಲಿ ಮೇಲೆ ಕೂರಿಸಿ ಕಣ್ಣು ಮಿಟುಕಿಸೋ ಪ್ರಾಕ್ಟೀಸ್ ಮಾಡಿಸ್ತಿದ್ದಾರಂತೆ.

ಈ ಶನಿವಾರ ಇನ್ನೊಂದು ಸಲ ಬರ್ತೀರಾ? ನಾನೂ ಇರ್ತೀನಿ. ವಾರ್ಡನ್ ಹತ್ತಿರ ರಜೆ ಕೇಳಬೇಕು, ದಯವಿಟ್ಟು ಬೇಗ ಉತ್ತರ ಕೊಡಿ.

ಇತಿ,
ಪ್ರತಿಮಾ