ಎಲ್ಲರ ಮಾತೂ ಬಲ್ಲ ಭೀಮ

ಶನಿವಾರ, 12 ಡಿಸೆಂಬರ್ 1998, ಭೇರ್ಯ

ಇವತ್ತು ಊರ ನಾಟಕದಲ್ಲಿ ಜವರಯ್ಯನಿಗೆ ಭೀಮನ ಪಾತ್ರ ತಪ್ಪಿಹೋಗುವುದರಲ್ಲಿತ್ತು. ತಪ್ಪು ನನ್ನದೇ. ಅವನಿಗೆ ಓದಲು ಬಾರದು. ಒಂದು ತಿಂಗಳಿಂದ ಮನೆಯ ಜಗಲಿಯ ಮೇಲೆ ಕೂರಿಸಿಕೊಂಡು, ನಾಟಕವನ್ನು ಕಥೆಯ ಹಾಗೆ ಹೇಳಿಕೊಟ್ಟಿದ್ದೆ.

ಅಭ್ಯಾಸದಲ್ಲಿ ಗದೆ ಎತ್ತಿ ಗುಡುಗಿದ: “ನಿನ್ನ ತೊಡೆ ಮುರಿಯುತ್ತೇನೆ, ಅಂದ ಭೀಮ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಬಾರಿಸುವುದನ್ನೇ ನಿಲ್ಲಿಸಿ ರೇಗಿದರು.

“ಭೀಮ ನೀನೇ ಕಣಯ್ಯ! ಸಂಕ್ರಾಂತಿ ಕಳೆದ್ರೆ ಮೂರು ನಾಟಕ ಅವೆ. ಇಂಗಾದ್ರೆ ಬೇರೆಯವ್ರನ್ನ ನೋಡ್ತೀನಿ.”

“ಇನ್ನೊಂದ್ಸಲ ನೋಡಿ ಮೇಷ್ಟ್ರೇ,” ಎಂದು ಬೇಡಿಕೊಂಡೆ.

ಎರಡನೆಯ ಸಲ ದುರ್ಯೋಧನನ ಪಾತ್ರದ ಚೆಲುವರಾಜುವೇ ಮಾತು ಮರೆತು ನಿಂತ. ಪರದೆಯ ಹಿಂದೆ ಮಾತು ನೆನಪಿಸಲು ಪುಸ್ತಕ ಹಿಡಿದವನು ಪುಟ ಹುಡುಕುತ್ತಿದ್ದ. ಜವರಯ್ಯ ಎತ್ತಿದ ಗದೆ ಇಳಿಸದೆ, “ನಿಂದು ಇಂಗೈತೆ ಕಣ್ಲಾ,” ಎಂದು ದುರ್ಯೋಧನನ ಮಾತು ಪೂರಾ ಹೇಳಿದ. ಆಮೇಲೆ ದ್ರೌಪದಿಯ ಹಾಡನ್ನೂ ಹಾಡಿದ. ಕಥೆಯಾಗಿ ಕೇಳಿದವನಿಗೆ ಎಲ್ಲರ ಪಾತ್ರವೂ ಬಾಯಿಪಾಠವಾಗಿಬಿಟ್ಟಿದೆ!

ಮೇಷ್ಟ್ರು ಅವನ ಬೆನ್ನು ತಟ್ಟಿದರು. “ಭೀಮನೂ ನೀನೇ, ಪುಸ್ತಕನೂ ನೀನೇ ಕಣಪ್ಪ. ಆ ‘ಅಂದ’ ಒಂದು ಬುಟ್ಬುಡು.” ನನ್ನ ಕಡೆ ತಿರುಗಿ, “ಮೂರು ನಾಟಕನೂ ಎಲ್ರಿಗೂ ನೀವೇ ಇಂಗೇ ಕಥೆ ಮಾಡಿ ಹೇಳ್ಕೊಡಿ,” ಎಂದರು.

ಓದು ಬಲ್ಲ ಚೆಲುವರಾಜು ಕೂಡ ನಾಳೆಯಿಂದ ನನ್ನೆದುರು ಕೂತು ಕೇಳುತ್ತಾನಂತೆ. ಹೆಮ್ಮೆಯಲ್ಲಿ ಊಟವೂ ಸೇರಲಿಲ್ಲ. ಪಾತ್ರಧಾರಿಗಳು ಹನ್ನೊಂದು ಜನ ಜಗಲಿಗೆ ಬರುತ್ತಾರೆಂದು ಮನೆಯೊಡತಿ ಸುನಂದಮ್ಮನಿಗೆ ಇನ್ನೂ ಹೇಳಿಲ್ಲ. ಅಷ್ಟು ಜನಕ್ಕೆ ಚಾಪೆ ಎಲ್ಲಿಂದ...