ಹೊಳೆಗೆ ಬೀಳದ ಆರು ಡಬ್ಬಿಗಳು

ಔಷಧ ಹಂಚಿಕೆಯ ಮೇಲಧಿಕಾರಿಗಳಿಗೆ, ರಾಜಧಾನಿ ಬಾಂಗಿ

ಮಾನ್ಯರೇ,

ಖಾಲಿ ಡಬ್ಬಿ ಹಿಂದಿರುಗಿಸದವರಿಗೆ ಎಚ್‌ಐವಿ ಮಾತ್ರೆ ಕೊಡಬಾರದೆಂಬ ನಿಮ್ಮ ಸುತ್ತೋಲೆಯಿಂದಾಗಿ ನಮ್ಮೂರಿನ ಐವರು ಹನ್ನೆರಡು ದಿನಗಳಿಂದ ಔಷಧಿಯಿಲ್ಲದೆ ಇದ್ದೇವೆ. ಆರನೆಯವಳು ಎಂಟು ತಿಂಗಳ ಗರ್ಭಿಣಿ. ಅವಳ ಬಳಿ ಇನ್ನು ಹತ್ತೊಂಬತ್ತು ಮಾತ್ರೆಗಳಿವೆ. ದಿನಕ್ಕೊಂದು. ಹೆರಿಗೆಗೆ ಐದು ವಾರ ಬಾಕಿ. ಈ ಲೆಕ್ಕಕ್ಕೆ ನನ್ನ ಎಂಟನೆಯ ತರಗತಿಯ ಓದು ಸಾಕು.

ಅವಳನ್ನು ಎದ್ವಿಜ್ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ನನ್ನ ಹೆಸರು ಮಾತ್ರ ನಿಜವಾದದ್ದನ್ನೇ ಕೆಳಗೆ ಬರೆದಿದ್ದೇನೆ. ನಾನು ಈ ಸೋಂಕಿನೊಂದಿಗೇ ಹುಟ್ಟಿದವನು. ಒಮ್ಮೆ ಆಸ್ಪತ್ರೆಯಿಂದ ನೇರ ಶಾಲೆಗೆ ಹೋದಾಗ ಬ್ಯಾಗಿನೊಳಗಿನ ಹೊಸ ಡಬ್ಬಿ ಹೆಜ್ಜೆಹೆಜ್ಜೆಗೂ ಗಲಗಲ ಅಂದಿತು. ಹಿಂದಿನ ಬೆಂಚಿನವನು ಎಳೆದು ತೆಗೆದು ಎಲ್ಲರಿಗೂ ತೋರಿಸಿದ. ಆವತ್ತಿನಿಂದ ನನಗೆ ಗಿಲಕಿ ಅಂತ ಹೆಸರಾಯಿತು. ವರ್ಷ ಮುಗಿಯುವ ಮೊದಲೇ ಶಾಲೆ ಬಿಟ್ಟೆ.

ಆಮೇಲೆ ನಮ್ಮೂರಿನ ಆರು ಜನ ಸೇರಿ ಒಂದು ಗುಂಪು ಮಾಡಿಕೊಂಡೆವು. ಊರಿನವರ ಕಣ್ಣಿಗೆ ನಾವು ಚರ್ಚಿನ ಗಾಯನ ತಂಡ. ಒಬ್ಬರಿಗೂ ಹಾಡಲು ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ ಒಬ್ಬರು ಮೋಟಾರ್ ಸೈಕಲ್ ಹತ್ತಿ, ದೋಣಿಯಲ್ಲಿ ಮಾಂಬೆರೆ ಹೊಳೆ ದಾಟಿ, ಪಟ್ಟಣದಿಂದ ಎಲ್ಲರ ಮಾತ್ರೆ ತರುತ್ತೇವೆ. ಮನೆಯಲ್ಲಿ ಕೂರಲಾಗದವನು ಅಂತ ಹೆಚ್ಚಾಗಿ ನನ್ನನ್ನೇ ಅಟ್ಟುತ್ತಾರೆ. ಮಾತ್ರೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಡಬ್ಬಿಗಳನ್ನು ಕಕ್ಕಸು ಗುಂಡಿಗೆ ಹಾಕುವ ಉಪಾಯ ನನ್ನದೇ. ಬಟ್ಟೆ ಗಂಟು ಸದ್ದು ಮಾಡುವುದಿಲ್ಲ. ತಪ್ಪು ಎಂದರೆ ಅದೇ ನನ್ನ ತಪ್ಪು.

ಮಾತ್ರೆಗಳನ್ನು ಯಾರೋ ಮಾರಿಕೊಳ್ಳುತ್ತಿದ್ದಾರೆಂಬ ಗುಮಾನಿ ನಿಮಗೆ. ಇರಲಿ. ಆದರೆ ಖಾಲಿ ಡಬ್ಬಿ ಏನನ್ನು ಸಾಬೀತು ಮಾಡುತ್ತದೆ? ಮಾತ್ರೆ ಮಾರಿದವನ ಡಬ್ಬಿಯೂ ಖಾಲಿಯೇ ತಾನೆ? ನುಂಗಿದ್ದೇವೋ ಇಲ್ಲವೋ ಎಂದು ನಮ್ಮ ರಕ್ತ ಹೇಳುತ್ತದೆ. ಪಟ್ಟಣದ ಆಸ್ಪತ್ರೆಯಲ್ಲಿ ರಕ್ತ ನೋಡುವ ಯಂತ್ರ ಕೆಟ್ಟು ಒಂದೂವರೆ ವರ್ಷವಾಯಿತು. ಅದರ ಮೇಲೆ ಈಗ ಯಾರೋ ತಮ್ಮ ಟೋಪಿ ಇಟ್ಟಿರುತ್ತಾರೆ. ಪ್ಲಾಸ್ಟಿಕ್ ಕೆಡುವುದಿಲ್ಲವೆಂದು ಅದನ್ನೇ ಸಾಕ್ಷಿಗೆ ಕರೆದಿರಾ?

ಈ ಸಲ ಆಸ್ಪತ್ರೆಯ ಕಿಟಕಿಯಲ್ಲಿ ಔಷಧಿ ಕೊಡುವ ಹಿರಿಯರು ಕೇಳಿದರು, "ತಮ್ಮಾ, ಡಬ್ಬಿಗಳೆಲ್ಲಿ?"

"ಕಕ್ಕಸು ಗುಂಡಿಗೆ ಹಾಕಿದೀವಿ."

ಸಾಲಿನಲ್ಲಿದ್ದವರು ನಕ್ಕರು. ಹಿರಿಯರು ತಗ್ಗಿದ ದನಿಯಲ್ಲಿ ಹೇಳಿದರು, "ದೋಣಿ ದಾಟೋವಾಗ ಚೀಲ ಹೊಳೆಗೆ ಬಿತ್ತು ಅನ್ನು. ಕಳೆದುಹೋದದ್ದಕ್ಕೆ ಒಂದು ಫಾರಂ ಇದೆ. ಬಿಸಾಕಿದ್ದಕ್ಕೆ ಇಲ್ಲ."

"ಆದ್ರೆ ಬಿದ್ದಿಲ್ಲವಲ್ಲ, ಯಜಮಾನ್ರೇ."

"ಎಷ್ಟನೇ ಕ್ಲಾಸು ಓದಿದೀಯ?"

"ಎಂಟು."

"ಗೊತ್ತಾಗುತ್ತೆ."

ಅಷ್ಟರಲ್ಲಿ ಪಕ್ಕದ ಮೇಜಿನ ಮೇಲ್ವಿಚಾರಕರ ಕಿವಿಗೂ ಮಾತು ಬಿದ್ದಿತ್ತು. ದಫ್ತರದಲ್ಲಿ ನಮ್ಮ ಆರೂ ರೋಗಿ ಸಂಖ್ಯೆಗಳ ಮುಂದೆ ಕೆಂಪು ಶಾಯಿಯಲ್ಲಿ "ಬಿಸಾಡಿದ್ದಾರೆ" ಎಂದು ಬರೆಸಿದರು. ಅದನ್ನು ಅಳಿಸಲು ನಿಮ್ಮ ಸಹಿಯೇ ಬೇಕಂತೆ. ನನ್ನ ಹಿಂದಿನ ಹೆಂಗಸಿನ ಚೀಲ ಹೊಳೆಗೆ ಬಿದ್ದಿತ್ತು. ಅವಳ ಹಿಂದಿನವನದೂ ಬಿದ್ದಿತ್ತು. ನಾನು ಮರದ ಕೆಳಗೆ ಕೂತು ನೋಡುತ್ತಿದ್ದಂತೆ ನಮ್ಮ ಹೊಳೆ ಹನ್ನೊಂದು ಚೀಲ ನುಂಗಿತು. ಎಲ್ಲರೂ ಮಾತ್ರೆ ತೆಗೆದುಕೊಂಡು ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಬದುಕಬೇಕು. ನಿಮ್ಮ ದಫ್ತರವನ್ನೇ ನಂಬುವುದಾದರೆ ಈ ದೇಶದಲ್ಲಿ ಅತ್ಯಂತ ಒಳ್ಳೆಯ ಚಿಕಿತ್ಸೆ ಸಿಗುತ್ತಿರುವುದು ಮಾಂಬೆರೆಯ ಮೀನುಗಳಿಗೆ.

ಬರಿಗೈಲಿ ಊರಿಗೆ ಬಂದು ನಡೆದದ್ದನ್ನು ಹೇಳಿದೆ. ಎದ್ವಿಜ್ ಅಕ್ಕ ಮರಗೆಣಸಿನ ಸೊಪ್ಪು ಕುಟ್ಟುತ್ತಿದ್ದವಳು ಒನಕೆ ನಿಲ್ಲಿಸಿದಳು.

"ಸರಿ ಕಣೋ. ಇನ್ಮೇಲೆ ನಿನ್ನ ಸತ್ಯಾನೇ ದಿನಕ್ಕೊಂದು ನುಂಗ್ತೀನಿ. ಊಟಕ್ಕೆ ಮುಂಚೆನೋ, ಆಮೇಲೋ?"

ನಾನು ನನ್ನ ಗಂಟು ಬಿಚ್ಚಿದೆ, ಉಳಿದವರೂ ಬಿಚ್ಚಿದರು. ಒಬ್ಬೊಬ್ಬರ ಗಂಟಿನಲ್ಲೂ ಐದಾರು ಮಾತ್ರೆ ಉಳಿದಿದ್ದವು. ಎಲ್ಲವನ್ನೂ ಅವಳ ಸೆರಗಿಗೆ ಸುರಿದೆವು, ಒಟ್ಟು ಮೂವತ್ತೊಂದು. ವೈದ್ಯರು ಕೇಳಿದರೆ ಬೈಯುತ್ತಾರೆಂದು ಗೊತ್ತು. ಅವಳೂ ಬೈದಳು. ಆದರೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗಂಟು ಕಟ್ಟಿಕೊಂಡಳು. ಮಾತ್ರೆ ತಪ್ಪಿದರೆ ಸೋಂಕು ಮಗುವಿಗೆ ದಾಟಬಹುದು. ಹಾಗೆ ಸೋಂಕು ತಗುಲಿದ ಮಗು ಹೇಗೆ ಬೆಳೆಯುತ್ತದೆಂದು ಅವಳಿಗೆ ಯಾರೂ ಹೇಳಬೇಕಿಲ್ಲ. ನಾನು ಅವಳ ಕಣ್ಣೆದುರೇ ಬೆಳೆದವನು.

ಆದ್ದರಿಂದ ಹತ್ತೊಂಬತ್ತು ದಿನಗಳೊಳಗೆ ಆ ಆರು ಸಂಖ್ಯೆಗಳ ಮುಂದೆ ನಿಮ್ಮ ಸಹಿ ಬೀಳಬೇಕು, ಡಬ್ಬಿಯ ನಿಯಮ ರದ್ದಾಗಬೇಕು. ಶಿಕ್ಷೆ ಕೊಡಲೇಬೇಕೆಂದಿದ್ದರೆ ನನ್ನೊಬ್ಬನ ಸಂಖ್ಯೆಯ ಮುಂದೆ ಕೆಂಪು ಶಾಯಿ ಉಳಿಸಿಕೊಳ್ಳಿ. ಅವಳದನ್ನು ಮೊದಲು ಅಳಿಸಿ.

ಅಲ್ಲಿಯವರೆಗೆ ಸಂಜೆ ಹೊತ್ತು ಅಕ್ಕ ನನಗೆ ಪಾಠ ಹೇಳುತ್ತಿದ್ದಾಳೆ. "ಹೇಳು, ಚೀಲ ಹೊಳೆಗೆ ಬಿತ್ತು." ನಾನು ಹೇಳುತ್ತೇನೆ. "ಈ ಮುಖ ಇಟ್ಕೊಂಡು ಹೇಳಿದ್ರೆ ಹೊಳೆನೂ ನಂಬಲ್ಲ, ಇನ್ನೊಂದ್ಸಲ ಹೇಳು" ಅನ್ನುತ್ತಾಳೆ. ಮಗು ಹುಟ್ಟುವ ಹೊತ್ತಿಗೆ ನಾನು ಕಲಿತಿರುತ್ತೇನೆ, ಮಾನ್ಯರೇ. ಆ ಮಗುವೂ ಇದನ್ನು ಕಲಿಯಬೇಕಾಗುತ್ತದೋ ಇಲ್ಲವೋ ಎಂಬುದು ನಿಮ್ಮ ಸಹಿಯ ಮೇಲಿದೆ.

ಇಂತಿ,
ಕೇಳಿದ್ದಕ್ಕೆ ನಿಜ ಹೇಳಿ ಆರು ಜನರ ಮಾತ್ರೆ ಕಳೆದ,
ಗಾಯನ ತಂಡದ ಹಾಡು ಬಾರದ ಸದಸ್ಯ,
ಫುಲ್ಜಾಂಸ್ ನಂಬೊನಾ