ಬೀಳುವ ಆಟ

ಅಮ್ಮಾ,

ಮೊದಲೇ ಹೇಳಿಬಿಡುತ್ತೇನೆ, ನನಗೇನೂ ಆಗಿಲ್ಲ. ಮೊನ್ನೆ ನಮ್ಮ ಲಾಂಡ್ರಿಯ ಒದ್ದೆ ನೆಲದಲ್ಲಿ ಜಾರಿಬಿದ್ದೆ. ಕೈ ಊರದೆ ಪಕ್ಕಕ್ಕೆ ಉರುಳಿಕೊಂಡೆ, ನೀನು ಕಲಿಸಿದ ಹಾಗೆಯೇ. ಆಮೇಲೆ ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸಿದ ಡಾಕ್ಟರು, "ಇಷ್ಟು ತೆಳು ಮೂಳೆ ಇಟ್ಕೊಂಡು ಹೇಗಮ್ಮಾ ಪಾರಾದ್ರಿ?" ಎಂದರು. ಅಜ್ಜಿಯ ಗೂನುಬೆನ್ನು, ಎರಡು ಸಲ ಮುರಿದ ನಿನ್ನ ಮಣಿಕಟ್ಟು, ಎಲ್ಲ ಹೇಳಿದೆ. ಇದು ವಂಶದಲ್ಲೇ ಬಂದಿರಬಹುದಂತೆ.

ನಾನು ಚಿಕ್ಕವಳಿದ್ದಾಗ ರಜೆ ಬಂದರೆ ಸಾಕು, ನೀನು ಹಾಸಿಗೆಯನ್ನು ನೆಲಕ್ಕೆಳೆದು ನನಗೆ ಬೀಳುವ ಆಟ ಆಡಿಸುತ್ತಿದ್ದೆ. "ಎಲ್ರೂ ಮಕ್ಕಳಿಗೆ ನಡೆಯೋದು ಕಲಿಸ್ತಾರೆ, ಇವಳು ಬೀಳೋದು ಕಲಿಸ್ತಾಳೆ" ಎಂದು ಚಿಕ್ಕಮ್ಮ ನಗುತ್ತಿದ್ದಳು. ನೀನೂ ನಗುತ್ತಿದ್ದೆ. ನನ್ನ ಮೂಳೆಯ ಬಗ್ಗೆ ನಿನಗೆ ಆಗಲೇ ಅನುಮಾನವಿತ್ತು, ಅಲ್ಲವೇ? ಒಮ್ಮೆಯೂ ಬಾಯಿಬಿಡಲಿಲ್ಲ. ನಾನು ಹೆದರಿಕೆಯೇ ಇಲ್ಲದೆ ಮರ ಹತ್ತಿಕೊಂಡು ಬೆಳೆದೆ. ಎಂಥ ಗಟ್ಟಿಗಿತ್ತಿ ನೀನು.

ನನ್ನಿಂದಲೇ ಬಂತು ಎಂದು ಕೊರಗಬೇಡ. ನಿನ್ನ ಮೂಳೆಯ ಮಾತ್ರೆ ತಪ್ಪಿಸಬೇಡ. ನಿನ್ನ ಮೊಮ್ಮಗಳು ಬಿದ್ದಾಗಲೆಲ್ಲ ಎರಡೂ ಕೈ ಊರುತ್ತಾಳೆ. ಈ ಭಾನುವಾರ ಬಾ. ನೀನು ಬಿದ್ದು ತೋರಿಸುವುದು ಬೇಡ, ಕುರ್ಚಿಯಲ್ಲಿ ಕೂತು ಗದರಿಸಿದರೆ ಸಾಕು. ಹಾಸಿಗೆ ನೆಲಕ್ಕೆಳೆದಿಟ್ಟಿದ್ದೇನೆ. ಅವಳಿಗೆ ಆಟ ಎಂದಷ್ಟೇ ಹೇಳಿದ್ದೇನೆ.

ಒಂದೂ ಮೂಳೆ ಮುರಿಯದೆ ಬೆಳೆದ
ನಿನ್ನ ಮಗಳು